ದೂರ ಹೊಡೆಯದೆಯೂ ಗೆಲ್ಲಬಹುದು: ಬೆಂಗಳೂರಿನ ಅದಿತಿ ತೋರಿಸಿಕೊಟ್ಟ ಗಾಲ್ಫ್ ಲೆಕ್ಕ

ಚೆನ್ನೈ: ಗಾಲ್ಫ್ ಎಂದ ಕೂಡಲೇ ನಮ್ಮಲ್ಲಿ ಹಲವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಎತ್ತರದ ಆಳು, ಕೈಯಲ್ಲಿ ಉದ್ದನೆಯ ಕೋಲು, ಒಂದೇ ಬೀಸಿಗೆ ಚೆಂಡು ಮುನ್ನೂರು ಗಜ ದೂರ. ಈ ಚಿತ್ರ ನೋಡಿಯೇ ಎಷ್ಟೋ ಮಂದಿ 'ಇದು ನಮ್ಮಂಥವರಿಗಲ್ಲ' ಎಂದು ಹಿಂದೆ ಸರಿಯುತ್ತಾರೆ. ಉದ್ಯೋಗದ ಮೇಲೆ ಚೆನ್ನೈಗೆ ಬಂದು, ಕಂಪನಿಯ ದಯೆಯಿಂದಲೋ ಸ್ನೇಹಿತರ ಒತ್ತಾಯದಿಂದಲೋ ಗಾಲ್ಫ್ ಕಲಿತ ನಮ್ಮ ಸಂಘಗಳ ಕೆಲವು ಸದಸ್ಯರು ಅರವತ್ತು ದಾಟಿದ ಮೇಲೆ 'ಇನ್ನು ಕೈಯಲ್ಲಿ ಶಕ್ತಿ ಇಲ್ಲ' ಎಂದು ಕಿಟ್ಟನ್ನು ಅಟ್ಟಕ್ಕೆ ಹಾಕುವುದೂ ಉಂಟು. ಮಗಳು ಆಡುತ್ತೇನೆ ಎಂದರೆ 'ನಿನ್ನ ತೋಳಿಗೆ ಆಗುವ ಆಟವೇ ಅದು?' ಎಂದು ಕೇಳುವ ಮನೆಗಳೂ ಇವೆ.

ಇವರೆಲ್ಲರಿಗೂ ಉತ್ತರವಾಗಿ ನಿಂತಿರುವವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಒಲಿಂಪಿಕ್ಸ್ ಕಣದಲ್ಲಿ ಎಲ್ಲರಿಗಿಂತ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದುಕೊಂಡೇ ಪದಕದ ಬಾಗಿಲಿನವರೆಗೆ ಹೋಗಿ ಬಂದ ಹೆಣ್ಣುಮಗಳು ಅವರು. ಅವರ ಆಟದ ಲೆಕ್ಕವನ್ನು ಅರಿತುಕೊಂಡರೆ ವಾರಕ್ಕೊಮ್ಮೆ ಆಡುವ ನಮ್ಮ ಸದಸ್ಯರಿಗೂ, ಈಗಷ್ಟೇ ಕೋಲು ಹಿಡಿಯುವ ಮಕ್ಕಳಿಗೂ ಲಾಭವಿದೆ.

ಟೋಕಿಯೊದ ಆ ನಾಲ್ಕು ದಿನ

ಕೊರೊನಾದಿಂದಾಗಿ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್ ಸ್ಪರ್ಧೆ ಕಸುಮಿಗಾಸೆಕಿ ಕಂಟ್ರಿ ಕ್ಲಬ್‌ನಲ್ಲಿ ಆಗಸ್ಟ್ 4ರಿಂದ 7ರವರೆಗೆ ನಡೆಯಿತು. ಕಣದಲ್ಲಿದ್ದವರು 60 ಮಂದಿ. ಅದಿತಿ ಅಲ್ಲಿಗೆ ಹೋದಾಗ ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದರು. ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮೊದಲು ಅವರಿಗೂ ಕೊರೊನಾ ತಗಲಿತ್ತು. ಮೊದಲೇ ದೂರ ಹೊಡೆಯುವವರಲ್ಲ. ಕಾಯಿಲೆಯಿಂದ ಎದ್ದ ಮೇಲೆ ಡ್ರೈವ್ ಇನ್ನಷ್ಟು ಗಿಡ್ಡವಾಗಿತ್ತು. ಡ್ರೈವ್ ದೂರದ ಪಟ್ಟಿಯಲ್ಲಿ ಅವರ ಹೆಸರು ಕೊನೆಯ ಸಾಲಿನಲ್ಲಿತ್ತು. ಅವರ ಕಿಟ್ಟನ್ನು ಹೊತ್ತು ಕ್ಯಾಡಿಯಾಗಿ ಜೊತೆಗೆ ನಡೆದವರು ತಾಯಿ ಮಹೇಶ್ವರಿ.

ಆದರೆ ಸ್ಕೋರ್ ಏನಾಯಿತು ನೋಡಿ. ನಾಲ್ಕು ಸುತ್ತುಗಳಲ್ಲಿ ಕ್ರಮವಾಗಿ 67, 66, 68, 68. ಒಟ್ಟು 269, ಅಂದರೆ ಪಾರ್‌ಗಿಂತ 15 ಹೊಡೆತ ಕಡಿಮೆ. ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿ ಒಬ್ಬರೇ ಇದ್ದರು. ಅವರ ಮುಂದೆ ಇದ್ದವರು ಅಮೆರಿಕದ ನೆಲ್ಲಿ ಕೊರ್ಡಾ, ಆಗ ವಿಶ್ವದ ನಂಬರ್ ಒನ್. ಕೊನೆಯ ದಿನ ಮಳೆ ಗುಡುಗಿನಿಂದ ಆಟ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು. ಕೊನೆಯ ಗ್ರೀನ್‌ನಲ್ಲಿ ಅದಿತಿಗೆ ದೂರದ ಒಂದು ಪಟ್ ಉಳಿದಿತ್ತು. ಅದು ಕುಳಿಗೆ ಬಿದ್ದಿದ್ದರೆ ಪದಕಕ್ಕಾಗಿ ಪ್ಲೇ ಆಫ್ ಆಡುವ ಅವಕಾಶ ಸಿಗುತ್ತಿತ್ತು. ಬೀಳಲಿಲ್ಲ. ಕೊರ್ಡಾ 17 ಕಡಿಮೆಯೊಂದಿಗೆ ಚಿನ್ನ ಗೆದ್ದರು. 16 ಕಡಿಮೆಯಲ್ಲಿ ಸಮನಾಗಿದ್ದ ಇಬ್ಬರಲ್ಲಿ ಜಪಾನಿನ ಮೊನೆ ಇನಾಮಿ ಬೆಳ್ಳಿ, ನ್ಯೂಜಿಲೆಂಡಿನ ಲಿಡಿಯಾ ಕೊ ಕಂಚು ಪಡೆದರು. ಒಂದೇ ಒಂದು ಹೊಡೆತದಿಂದ ನಮ್ಮ ಅದಿತಿ ನಾಲ್ಕನೆಯವರಾದರು.

ಅದೇ ದಿನ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದ ಸಂಭ್ರಮದಲ್ಲಿ ಬೆಳಗಿನ ಈ ನಾಲ್ಕನೇ ಸ್ಥಾನ ಅನೇಕರ ನೆನಪಿನಿಂದ ಜಾರಿಹೋಯಿತು. ಆದರೆ ಗಾಲ್ಫ್ ಬಲ್ಲವರು ಇಂದಿಗೂ ಅದನ್ನು ಎತ್ತಿ ಮಾತನಾಡುತ್ತಾರೆ. ಕಾರಣ, ಆ ವಾರ ಇಡೀ ಕಣದಲ್ಲಿ ಪಟ್ಟಿಂಗ್‌ನಲ್ಲಿ ಮೊದಲ ಸ್ಥಾನ ಅದಿತಿಯದಾಗಿತ್ತು. ಡ್ರೈವ್‌ನಲ್ಲಿ ತಳದಲ್ಲಿ, ಪಟ್ಟಿಂಗ್‌ನಲ್ಲಿ ತುದಿಯಲ್ಲಿ. ಎದುರಾಳಿಗಳು ಚಿಕ್ಕ ಐರನ್ ಹಿಡಿದು ಗ್ರೀನ್‌ಗೆ ಹೊಡೆಯುವ ಜಾಗದಲ್ಲಿ ಅದಿತಿ ಹೈಬ್ರಿಡ್ ಇಲ್ಲವೇ ಫೇರ್‌ವೇ ವುಡ್ ಹಿಡಿಯಬೇಕಾಗುತ್ತಿತ್ತು. ಹಾಗೆ ದೂರದಿಂದ ಹೊಡೆದು, ಗ್ರೀನ್ ತಪ್ಪಿದರೆ ಹತ್ತಿರಕ್ಕೆ ಚಿಪ್ ಮಾಡಿ, ಕೊನೆಗೆ ಪಟ್ಟರ್‌ನಿಂದ ಲೆಕ್ಕ ತೀರಿಸುತ್ತಿದ್ದರು.

ಐದನೇ ವಯಸ್ಸಿನ ಕುತೂಹಲ

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಓದಿದ್ದು ಅಲ್ಲಿನ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ. ಮನೆಯಲ್ಲಿ ಅವರಿಗಿಂತ ಮೊದಲು ಗಾಲ್ಫ್ ಆಡಿದವರು ಯಾರೂ ಇರಲಿಲ್ಲ. ಮನೆಯವರೆಲ್ಲ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುತ್ತಿತ್ತಂತೆ. ಅಲ್ಲಿ ಆಡುವವರನ್ನು ನೋಡಿ ಐದು ವರ್ಷದ ಮಗುವಿಗೆ ಕುತೂಹಲ ಹುಟ್ಟಿ, ತಂದೆ ತಾಯಿ ಅವಳನ್ನು ಕರೆದುಕೊಂಡು ಹೋದರು. ಎಳೆಯ ಕೈಗೆ ದೂರ ಹೊಡೆಯುವ ಶಕ್ತಿ ಎಲ್ಲಿಂದ ಬರಬೇಕು? ಆದರೆ ಪಟ್ಟಿಂಗ್ ಗ್ರೀನ್‌ನಲ್ಲಿ ಮಗುವೂ ದೊಡ್ಡವರೂ ಒಂದೇ.

ಮುಂದಿನದು ದಾಖಲೆಯಲ್ಲಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 18 ವರ್ಷದ ಅದಿತಿ ಮಹಿಳಾ ಗಾಲ್ಫ್ ಕಣದ ಅತಿ ಕಿರಿಯ ಸ್ಪರ್ಧಿ. ಅಲ್ಲಿ ಕ್ಯಾಡಿಯಾಗಿದ್ದವರು ತಂದೆ ಅಶೋಕ್. ಮೊದಲ ಎರಡು ದಿನ 68, 68 ಹೊಡೆದು ಮುಂಚೂಣಿಯಲ್ಲಿದ್ದರೂ ಕೊನೆಗೆ 41ನೇ ಸ್ಥಾನಕ್ಕೆ ಇಳಿದರು. ಅದೇ ವರ್ಷ ಇಂಡಿಯನ್ ಓಪನ್ ಗೆದ್ದು, ಮಹಿಳೆಯರ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2020ರ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿದೆ.

ಒಂದಡಿಯೂ ಒಂದೇ, ಇನ್ನೂರು ಗಜವೂ ಒಂದೇ

ಗಾಲ್ಫ್‌ನ ಗುಟ್ಟು ಇರುವುದು ಅದರ ಎಣಿಕೆಯಲ್ಲಿ. ಇನ್ನೂರೈವತ್ತು ಗಜದ ಡ್ರೈವ್‌ಗೂ ಒಂದು ಹೊಡೆತ, ಒಂದಡಿಯ ಪಟ್‌ಗೂ ಒಂದು ಹೊಡೆತ. ಸ್ಕೋರ್ ಕಾರ್ಡಿನಲ್ಲಿ ಗಜದ ಲೆಕ್ಕ ಬರೆಯಲು ಜಾಗವೇ ಇಲ್ಲ. ಸಾಮಾನ್ಯವಾಗಿ 18 ಕುಳಿಗಳ ಮೈದಾನದ ಪಾರ್ 72 ಇರುತ್ತದೆ. ಪ್ರತಿ ಕುಳಿಗೂ ಎರಡು ಪಟ್ ಎಂಬ ಲೆಕ್ಕದಲ್ಲಿ ಈ ಪಾರ್ ನಿಗದಿಯಾಗಿದೆ. ಅಂದರೆ 36 ಪಟ್, ಪಾರ್‌ನ ಸರಿ ಅರ್ಧ. ಡ್ರೈವರ್ ಕೈಗೆ ಬರುವುದು ಹೆಚ್ಚೆಂದರೆ 14 ಸಲ. ಹೀಗಿದ್ದೂ ಅಭ್ಯಾಸದ ಮೈದಾನದಲ್ಲಿ ನಿಂತು ನೋಡಿದರೆ ಹೆಚ್ಚಿನವರು ಡ್ರೈವರ್ ಹಿಡಿದು ಬೆವರು ಸುರಿಸುತ್ತಿರುತ್ತಾರೆ. ಪಟ್ಟಿಂಗ್ ಗ್ರೀನ್ ಖಾಲಿ ಇರುತ್ತದೆ.

ಇದಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಅಮೆರಿಕದಿಂದ. 2007ರ ಮಾಸ್ಟರ್ಸ್ ಟೂರ್ನಿಯಲ್ಲಿ ಜಾಕ್ ಜಾನ್ಸನ್ ಎಂಬ ಆಟಗಾರ ಪಾರ್ ಐದರ ಕುಳಿಗಳಲ್ಲಿ ಒಮ್ಮೆಯೂ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಲು ಹೋಗಲಿಲ್ಲ. ನಾಲ್ಕು ದಿನಗಳಲ್ಲಿ ಅಂಥ 16 ಕುಳಿಗಳು. ಹದಿನಾರರಲ್ಲೂ ಎರಡನೇ ಹೊಡೆತವನ್ನು ತನಗೆ ಇಷ್ಟವಾದ ದೂರದಲ್ಲಿ ನಿಲ್ಲಿಸಿ, ಮೂರನೆಯದನ್ನು ವೆಜ್‌ನಿಂದ ಹತ್ತಿರಕ್ಕೆ ಇಟ್ಟರು. ಆ ಕುಳಿಗಳಲ್ಲಿ ಅವರು ಗಳಿಸಿದ್ದು ಪಾರ್‌ಗಿಂತ 11 ಕಡಿಮೆ. ಟೈಗರ್ ವುಡ್ಸ್ ಅವರನ್ನು ಎರಡು ಹೊಡೆತಗಳಿಂದ ಹಿಂದೆ ಹಾಕಿ ಹಸಿರು ಕೋಟು ತೊಟ್ಟವರು ಈ ಗಿಡ್ಡ ಹೊಡೆತದ ಜಾನ್ಸನ್.

ಚೆನ್ನೈನ ಹಿರಿಯ ಕನ್ನಡಿಗರಿಗೆ ಇದನ್ನು ಹೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಚೆಂಡು ಎಸೆಯುತ್ತಿದ್ದಾಗ ಭಾರತದ ಇನಿಂಗ್ಸ್ 190ಕ್ಕೆ ಮುಗಿಯಿತು. ಅದರಲ್ಲಿ ಔಟಾಗದೆ 97 ರನ್ ಹೊಡೆದವರು ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ.ಆರ್. ವಿಶ್ವನಾಥ್. ಆಳು ಕುಳ್ಳು; ಬ್ಯಾಟಿಗೆ ಬಲಕ್ಕಿಂತ ಮಣಿಕಟ್ಟಿನ ತಿರುವೇ ಆಧಾರ. ಆ ಟೆಸ್ಟನ್ನು ಭಾರತ 100 ರನ್‌ಗಳಿಂದ ಗೆದ್ದಿತು. ಕೈಗೆ ಹದ ಗೊತ್ತಿದ್ದರೆ ತೋಳಿನ ಗಾತ್ರ ಕೇಳಬೇಕಿಲ್ಲ ಎಂಬುದನ್ನು ಈ ಊರಿನ ಜನ ಕಣ್ಣಾರೆ ಕಂಡಿದ್ದಾರೆ.

ದೂರಕ್ಕೂ ಬೆಲೆ ಇದೆ

ಹಾಗೆಂದು ದೂರ ಹೊಡೆಯುವುದು ವ್ಯರ್ಥ ಎಂದು ಯಾರೂ ತಿಳಿಯಬಾರದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಅವರು ವೃತ್ತಿಪರ ಆಟಗಾರರ ಲಕ್ಷಾಂತರ ಹೊಡೆತಗಳ ಲೆಕ್ಕ ತೆಗೆದು ನೋಡಿದ್ದಾರೆ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಹೊಡೆತಗಳಿಂದ ಬರುತ್ತದೆ, ಉಳಿದದ್ದು ಮಾತ್ರ ಗ್ರೀನ್ ಸುತ್ತಮುತ್ತಲಿನ ಆಟ ಮತ್ತು ಪಟ್ಟಿಂಗ್‌ನಿಂದ ಎಂಬುದು ಅವರು ಕಂಡುಕೊಂಡ ವಿಷಯ. ಆ ದೂರದ ಹೊಡೆತಗಳಲ್ಲಿ ಡ್ರೈವ್ ಒಂದೇ ಅಲ್ಲ, ಗ್ರೀನ್‌ಗೆ ಹೊಡೆಯುವ ಐರನ್ ಹೊಡೆತಗಳೂ ಸೇರಿವೆ ಎಂಬುದನ್ನು ಮರೆಯಬಾರದು. ದೂರ ಹೊಡೆದವರಿಗೆ ಗ್ರೀನ್ ಹತ್ತಿರವಾಗುತ್ತದೆ, ಹತ್ತಿರದಿಂದ ಹೊಡೆದ ಚೆಂಡು ಕುಳಿಯ ಬಳಿ ನಿಲ್ಲುತ್ತದೆ. ಇದು ಸಹಜ.

ಗಿಡ್ಡ ಹೊಡೆತದವರು ಕಟ್ಟಬೇಕಾದ ಬೆಲೆ ಬೇರೆಯೇ ಇದೆ. ಅವರಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಕಡಿಮೆ. ದೂರ ಹೊಡೆಯುವವನು ಒಂದು ಕುಳಿಯಲ್ಲಿ ಕಳೆದುಕೊಂಡದ್ದನ್ನು ಮುಂದಿನ ಪಾರ್ ಐದರಲ್ಲಿ ಹಿಂದಕ್ಕೆ ಪಡೆಯುತ್ತಾನೆ. ಗಿಡ್ಡ ಹೊಡೆತದವನು ದಿನವೆಲ್ಲ ಪಟ್ಟರ್ ನೆಚ್ಚಿಕೊಂಡಿರಬೇಕು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಮೂರನೇ ದಿನ 61 ಹೊಡೆದು ಏಳು ಹೊಡೆತಗಳ ಮುನ್ನಡೆ ಸಾಧಿಸಿದ್ದರು. ಕೊನೆಯ ದಿನ ಕೈ ಕೂಡಿಬರದೆ 77 ಆಯಿತು. ಚಿನ್ನ ಥಾಯ್ಲೆಂಡ್ ಪಾಲಾಗಿ ಅದಿತಿಗೆ ಬೆಳ್ಳಿ ಉಳಿಯಿತು. ಆದರೂ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬ ಗೌರವ ಅವರದೇ. ಆ ನೋವಿನಿಂದ ಅವರು ಕುಗ್ಗಲಿಲ್ಲ. ಎರಡು ತಿಂಗಳೊಳಗೆ ಸ್ಪೇನ್ ಓಪನ್ ಗೆದ್ದರು. ಹಾಂಗ್‌ಝೌಗೆ ಹೋಗಿದ್ದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ, ಅಂದರೆ ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್, ಕರ್ನಾಟಕದವರೇ ಎಂಬುದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ.

ನಮ್ಮ ಸದಸ್ಯರಿಗೆ ಲೆಕ್ಕ

ಒಲಿಂಪಿಕ್ಸ್ ಮಾತು ಇರಲಿ, ಭಾನುವಾರ ಬೆಳಗ್ಗೆ ಆಡುವ ನಮ್ಮ ಸದಸ್ಯರಿಗೆ ಇದರಿಂದ ಏನು ಪ್ರಯೋಜನ? ಒಂದು ಲೆಕ್ಕ ಹಾಕೋಣ. 400 ಗಜದ ಪಾರ್ ನಾಲ್ಕರ ಕುಳಿ. ನಿಮ್ಮ ಒಳ್ಳೆಯ ಹೊಡೆತ 180 ಗಜ ಮಾತ್ರ ಎಂದು ಇಟ್ಟುಕೊಳ್ಳಿ. ಮೊದಲು 180, ಆಮೇಲೆ 140, ಉಳಿದದ್ದು 80. ಮೂರನೇ ಹೊಡೆತಕ್ಕೆ ನೀವು ಗ್ರೀನ್ ಮೇಲೆ. ಎರಡು ಪಟ್ ಆದರೆ 5, ಅಂದರೆ ಬೋಗಿ. ಒಂದೇ ಪಟ್‌ಗೆ ಬಿದ್ದರೆ 4, ಅಂದರೆ ಪಾರ್. ಹದಿನೆಂಟು ಕುಳಿಗಳಲ್ಲೂ ಬೋಗಿ ಮಾಡಿದರೆ ಒಟ್ಟು 90. ಅದರಲ್ಲಿ ಐದು ಕುಳಿಗಳಲ್ಲಿ ಒಂದೇ ಪಟ್ ಸಾಕಾದರೆ 85. ವಾರಕ್ಕೊಮ್ಮೆ ಆಡುವ ಎಷ್ಟೋ ಮಂದಿ ದೂರದ ಹೊಡೆತಗಾರರು ಈ ಸಂಖ್ಯೆ ಕಂಡವರಲ್ಲ. ಹ್ಯಾಂಡಿಕ್ಯಾಪ್ 18 ಇರುವವರಿಗೆ 90 ಎಂದರೆ ನಿವ್ವಳ 72, ಅಂದರೆ ಪಾರ್ ಆಡಿದಂತೆಯೇ.

ಈಗ ಪಕ್ಕದವರನ್ನು ನೋಡಿ. ಶಕ್ತಿಯೆಲ್ಲ ಹಾಕಿ ಬೀಸುತ್ತಾರೆ, ಚೆಂಡು ಗಡಿಯಾಚೆ ಹೋಗುತ್ತದೆ. ನಿಯಮದ ಪ್ರಕಾರ ಒಂದು ಹೊಡೆತ ದಂಡ ತೆತ್ತು ಮತ್ತೆ ಟೀಯಿಂದಲೇ ಹೊಡೆಯಬೇಕು. ನೀವು ಎರಡನೇ ಹೊಡೆತಕ್ಕೆ ಸಿದ್ಧರಾಗುವ ಹೊತ್ತಿಗೆ ಅವರು ಟೀಯಲ್ಲೇ ನಿಂತು ಮೂರನೆಯದನ್ನು ಹೊಡೆಯುತ್ತಿರುತ್ತಾರೆ. ಇಂಥ ಎರಡು ಮೂರು ಕುಳಿಗಳು ಸಾಕು, ದಿನದ ಸ್ಕೋರ್ ಕೈಬಿಟ್ಟು ಹೋಗುತ್ತದೆ.

ದೂರ ಹೊಡೆಯಲಾಗದವರು ಪಾಲಿಸಬಹುದಾದ ಕೆಲವು ಸರಳ ಸೂತ್ರಗಳು ಹೀಗಿವೆ:

* ನಿಮ್ಮ ಪ್ರತಿಯೊಂದು ಕ್ಲಬ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜೀವಮಾನದಲ್ಲಿ ಒಮ್ಮೆ ಹೋದ ದೂರವನ್ನಲ್ಲ, ಹತ್ತರಲ್ಲಿ ಏಳು ಸಲ ಹೋಗುವ ದೂರವನ್ನು.

* ಹೊಡೆಯಲು ಕಷ್ಟವಾದ ಉದ್ದನೆಯ ಐರನ್‌ಗಳನ್ನು ತೆಗೆದು ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಇಟ್ಟುಕೊಳ್ಳಿ. ನಿಯಮ 14 ಕ್ಲಬ್‌ಗಳಿಗೆ ಅವಕಾಶ ಕೊಡುತ್ತದೆ, ಯಾವುವು ಎಂಬುದು ನಿಮ್ಮ ಇಷ್ಟ.

* ಮುಂದಿನ ಟೀಯಿಂದ ಆಡಲು ಸಂಕೋಚ ಬೇಡ. ಬೇರೆ ಬೇರೆ ಟೀಗಳನ್ನು ಇಟ್ಟಿರುವುದೇ ಅದಕ್ಕಾಗಿ.

* ಬಂಕರ್ ಅಥವಾ ನೀರು ದಾಟಲು ಅನುಮಾನವಿದ್ದರೆ ಅದರ ಮುಂದೆಯೇ ನಿಲ್ಲಿಸಿ. ವೆಜ್‌ನಿಂದ ಹೊಡೆಯಲು ನಿಮಗೆ ಹಿತವೆನಿಸುವ ದೂರ ಉಳಿಸಿಕೊಳ್ಳುವುದು ಜಾಣತನ.

* ಗ್ರೀನ್ ಪಕ್ಕದಿಂದ ಚೆಂಡನ್ನು ಎತ್ತರಕ್ಕೆ ಹಾರಿಸುವುದಕ್ಕಿಂತ ಏಳನೇ ಅಥವಾ ಎಂಟನೇ ನಂಬರಿನ ಐರನ್‌ನಿಂದ ತಗ್ಗಾಗಿ ತಳ್ಳಿ ಉರುಳಿಸಿ. ಹುಡುಗರಾಗಿದ್ದಾಗ ಗೋಲಿಯನ್ನು ಕುಳಿಗೆ ಉರುಳಿಸಿದ ಅಂದಾಜೇ ಇಲ್ಲಿ ಕೆಲಸಕ್ಕೆ ಬರುತ್ತದೆ.

* ಉದ್ದ ಪಟ್‌ನಲ್ಲಿ ಕುಳಿಗೆ ಹಾಕುವ ಆಸೆ ಬಿಟ್ಟು ಮೂರಡಿಯೊಳಗೆ ನಿಲ್ಲಿಸುವ ಗುರಿ ಇರಲಿ. ಎಂಟಡಿಯ ಪಟ್ಟನ್ನು ಅಮೆರಿಕದ ವೃತ್ತಿಪರರೇ ಸುಮಾರು ಅರ್ಧದಷ್ಟು ಸಲ ಮಾತ್ರ ಹಾಕುತ್ತಾರೆ. ಆದ್ದರಿಂದ ಎಂಟಡಿಯಿಂದ ತಪ್ಪಿದರೆ ಬೇಸರ ಬೇಡ, ಮೂರಡಿಯಿಂದ ತಪ್ಪಬೇಡಿ.

ಅಭ್ಯಾಸಕ್ಕೆ ಮೈದಾನವೇ ಬೇಕೆಂದಿಲ್ಲ. ಗಾಲ್ಫ್ ಕುಳಿಯ ಅಗಲ ನಾಲ್ಕೂಕಾಲು ಇಂಚು, ಹೆಚ್ಚು ಕಡಿಮೆ ನಮ್ಮ ಫಿಲ್ಟರ್ ಕಾಫಿಯ ಡವರಾದಷ್ಟು. ಮನೆಯ ಜಮಖಾನದ ಮೇಲೆ ಡವರಾ ಬಿಟ್ಟು ಅದಕ್ಕಿಂತ ಚಿಕ್ಕದಾದ ಲೋಟವನ್ನೇ ಗುರಿಯಾಗಿ ಇಟ್ಟು ದಿನಕ್ಕೆ ಹತ್ತು ನಿಮಿಷ ಪಟ್ ಮಾಡಿ. ಲೋಟಕ್ಕೆ ತಾಗಿಸಿ ಅಭ್ಯಾಸವಾದವರಿಗೆ ಮೈದಾನದ ಕುಳಿ ದೊಡ್ಡದಾಗಿ ಕಾಣುತ್ತದೆ.

ಚೆನ್ನೈ ನೆಲ, ಚೆನ್ನೈ ಗಾಳಿ

ನಮ್ಮ ಊರಿನ ಹವೆಯೂ ಗಿಡ್ಡ ಹೊಡೆತದವರ ಪರವಾಗಿದೆ ಎನ್ನಬಹುದು. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿ, ತಗ್ಗಾಗಿ ಹೊಡೆದ ಚೆಂಡು ಬಿದ್ದ ಮೇಲೂ ಬಹಳ ದೂರ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದಾಗ ಎತ್ತರಕ್ಕೆ ಹಾರಿದ ಚೆಂಡು ದಾರಿ ತಪ್ಪುತ್ತದೆ, ನೆಲಕ್ಕೆ ಅಂಟಿಕೊಂಡು ಹೋದದ್ದು ಅಷ್ಟಾಗಿ ತಪ್ಪುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ ಮಾತ್ರ ನೆಲ ಒದ್ದೆಯಾಗಿ ಚೆಂಡು ಓಡುವುದಿಲ್ಲ. ಆಗ ಒಂದು ಕ್ಲಬ್ ದೊಡ್ಡದು ಹಿಡಿಯಬೇಕು. ಸೆಖೆಯಲ್ಲಿ ನಾಲ್ಕು ಗಂಟೆ ನಡೆಯುವ ಆಟ ಇದು. ಪೂರ್ತಿ ಶಕ್ತಿ ಹಾಕಿ ಬೀಸುವವರು ಹನ್ನೆರಡನೇ ಕುಳಿಯ ಹೊತ್ತಿಗೆ ಸೋತಿರುತ್ತಾರೆ. ಮುಕ್ಕಾಲು ಬೀಸಿನವರು ಕೊನೆಯವರೆಗೂ ಒಂದೇ ಹದದಲ್ಲಿ ಆಡಬಲ್ಲರು.

ನಗರದಲ್ಲಿ ಗಾಲ್ಫ್‌ಗೆ ಜಾಗ ಕಡಿಮೆ ಎಂಬುದು ನಿಜ. ಗಿಂಡಿ ರೇಸ್ ಕೋರ್ಸಿನ ಒಳಗೆ ಜಿಮ್ಖಾನಾ ಕ್ಲಬ್ಬಿನವರು ತಲೆಮಾರುಗಳ ಕಾಲ ಆಡಿದ್ದಾರೆ. ಆ ರೇಸ್ ಕ್ಲಬ್ಬಿನ ಜಮೀನನ್ನು 2024ರಲ್ಲಿ ಸರಕಾರ ವಶಕ್ಕೆ ತೆಗೆದುಕೊಂಡಿತು. ನಂದನಂ ಬಳಿ ಕಾಸ್ಮೋ ಮೈದಾನವಿದೆ. ಸದಸ್ಯತ್ವ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಮಗುವನ್ನು ಈ ಆಟಕ್ಕೆ ಸೇರಿಸಬೇಕೆಂದು ಯೋಚಿಸುವ ಪೋಷಕರು ಖರ್ಚಿನ ಲೆಕ್ಕ ಹಾಕುವುದು ತಪ್ಪಲ್ಲ. ಅದಕ್ಕೊಂದು ದಾರಿ ಇದೆ. ಮೊದಲಿಗೆ ಪೂರ್ತಿ ಕಿಟ್ ಕೊಳ್ಳುವ ಅಗತ್ಯವಿಲ್ಲ. ಮಗುವಿನ ಎತ್ತರಕ್ಕೆ ತಕ್ಕ ಒಂದು ಪಟ್ಟರ್, ಒಂದು ವೆಜ್, ನಾಲ್ಕು ಚೆಂಡು ಸಾಕು. ಕುಳಿಯ ಹತ್ತಿರದಿಂದ ಶುರುಮಾಡಿ ಹಿಂದಕ್ಕೆ ಬರುತ್ತಾ ಕಲಿಯಲಿ. ದೂರದ ಹೊಡೆತ ಮೈ ಬೆಳೆದಂತೆ ತಾನಾಗಿ ಬರುತ್ತದೆ, ಕೈಯ ಹದ ಮಾತ್ರ ಎಳೆಯ ವಯಸ್ಸಿನಲ್ಲೇ ಕೂರಬೇಕು.

ನಮ್ಮ ಸಂಘಗಳ ಕ್ರೀಡಾ ದಿನಗಳಲ್ಲಿ ಲಿಂಬೆ ಹಣ್ಣು ಚಮಚ, ಮ್ಯೂಸಿಕಲ್ ಚೇರ್ ಜೊತೆಗೆ ಒಂದು ಪಟ್ಟಿಂಗ್ ಸ್ಪರ್ಧೆಯನ್ನೂ ಇಡಬಹುದು. ಸಭಾಂಗಣದಲ್ಲಿ ಒಂದು ಉದ್ದನೆಯ ಕಾರ್ಪೆಟ್, ಎರಡು ಪಟ್ಟರ್, ಒಂದು ಲೋಟ ಇದ್ದರೆ ಆಯಿತು. ಅಜ್ಜ, ಸೊಸೆ, ಮೊಮ್ಮಗಳು ಒಂದೇ ಸಾಲಿನಲ್ಲಿ ನಿಂತು ಆಡಬಹುದಾದ ಆಟ ಅದು. ಯಾರು ಗೆಲ್ಲುತ್ತಾರೆ ಎಂಬುದನ್ನು ಮೊದಲೇ ಹೇಳಲಾಗದು. ಅಟ್ಟದಲ್ಲಿ ಕಿಟ್ ಇಟ್ಟಿರುವ ಹಿರಿಯರು ಪಟ್ಟರ್ ಒಂದನ್ನಾದರೂ ಕೆಳಗಿಳಿಸಿ, ಮುಂದಿನ ಕ್ರೀಡಾ ದಿನಕ್ಕೆ ತರಲಿ ಎಂದು ಕೋರುತ್ತೇವೆ.